ಗಿಟಾರಿನ ಬಳೆ

ನಮ್ಮೂರು ಕೊಂಬೈಗೆ ಹೊಸದಾಗಿ ಬಂದವರು ಯಾರಾದರೂ "ನಿಮಗೇನು ಕೆಲಸ?" ಅಂತ ಕೇಳಿದರೆ ಉತ್ತರ ಹೇಳುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕು. ತೆಂಗಿನ ತೋಟ ಅಂದರೆ ತಿಳಿಯುತ್ತದೆ. ದ್ರಾಕ್ಷಿ ಚಪ್ಪರ ಅಂದರೂ ತಿಳಿಯುತ್ತದೆ. ಬೆಟ್ಟದ ಮೇಲೆ ಏಲಕ್ಕಿ ತೋಟಕ್ಕೆ ಹೋಗಿ ಬರ್ತೀನಿ ಅಂದರೆ ಮತ್ತೊಂದು ಪ್ರಶ್ನೆಯೇ ಇಲ್ಲ. ನಾನು "ಗಿಟಾರಿನ ನಡುವೆ ಒಂದು ತೂತು ಇರುತ್ತಲ್ಲ, ಅದರ ಸುತ್ತ ಬಣ್ಣದ ಒಂದು ಬಳೆ ಇರುತ್ತಲ್ಲ, ಆ ಬಳೆ ಮಾಡೋದು" ಅನ್ನುತ್ತೇನೆ. ಟೀ ಅಂಗಡಿಯಲ್ಲಿ ಒಬ್ಬರು ಅಣ್ಣ ನಕ್ಕುಬಿಟ್ಟು ಹೇಳಿದ್ದರು: "ತೂತಿಗೂ ಸಿಂಗಾರ ಮಾಡಿ ಕಾಸು ತಗೊಳ್ತೀಯಲ್ಲೋ ತಮ್ಮಾ!"

ಗಿಟಾರು ನಮ್ಮ ಕಡೆಗೆ ಹೊಸದೇನಲ್ಲ. ತೇವಾರದ ದಾರಿಯಲ್ಲಿ ನಮಗೆ ಪಕ್ಕದಲ್ಲೇ ಇರುವ ಪಣ್ಣೈಪುರದಲ್ಲಿ 1943ರಲ್ಲಿ ಹುಟ್ಟಿದ ಇಳಯರಾಜ ಅವರು ಲಂಡನ್ನಿನ ಟ್ರಿನಿಟಿ ಕಾಲೇಜಿನ ಕ್ಲಾಸಿಕಲ್ ಗಿಟಾರ್ ಪರೀಕ್ಷೆ ಪಾಸು ಮಾಡಿದವರು. ಮದರಾಸಿನಲ್ಲಿ ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದು, ಗಿಟಾರು ನುಡಿಸಿ, ಆಮೇಲೆ ತಾವೇ 1981ರ 'ಗೀತಾ'ದಂಥ ಕನ್ನಡ ಚಿತ್ರಗಳಿಗೆ ಸಂಗೀತ ಕೊಟ್ಟವರು. ಆ ಹಾಡುಗಳಲ್ಲಿ ಗಿಟಾರು ಕೇಳದ ಕಿವಿ ನಮ್ಮ ಕಣಿವೆಯಲ್ಲಿ ಇರಲಿಕ್ಕಿಲ್ಲ. ಕೇಳಿದ್ದೇವೆ, ಆದರೆ ಹತ್ತಿರ ಹಿಡಿದು ನೋಡಿದವರು ಕಮ್ಮಿ. ಅದಕ್ಕೇ ನಮ್ಮ ವಾಚನಾಲಯದವರು ಈ ಪುಸ್ತಕಕ್ಕೆ ಒಂದು ಬರಹ ಕೊಡಿ ಅಂದಾಗ ಈ ಬಳೆಯ ವಿಷಯವೇ ಬರೆಯೋಣ ಅನ್ನಿಸಿತು. ಅದರಲ್ಲಿ ನಾನು ಮಾಡಿದ ಒಂದು ತಪ್ಪಿನ ಕತೆಯೂ ಇದೆ. ಅದನ್ನು ಊರಿನಲ್ಲಿ ಇದುವರೆಗೆ ಯಾರಿಗೂ ಹೇಳಿಲ್ಲ.

ಆ ಬಳೆಗೆ ಅಂಗಡಿ ಹೆಸರು ರೋಸೆಟ್. ಗಿಟಾರಿನ ಮುಖದ ಹಲಗೆ ಬಹಳ ತೆಳು, ಎರಡೂವರೆ ಮಿಲಿಮೀಟರ್ ಒಳಗೇ ಇರುತ್ತದೆ. ಸ್ಪ್ರೂಸ್ ಇಲ್ಲವೇ ಸೀಡರ್ ಮರ. ಅದರಲ್ಲಿ ಸುಮಾರು 85 ಮಿಲಿಮೀಟರ್ ಅಗಲದ ದುಂಡು ತೂತು ಕೊರೆಯುತ್ತಾರೆ. ಹಾಗೆ ಕೊರೆದ ಕಡೆ ಮರದ ಎಳೆ ತುಂಡಾಗುತ್ತದೆ, ಬಾಯಿ ಸೀಳುವ ಭಯ ಇರುತ್ತದೆ. ಸುತ್ತ ಒಂದು ಕಾಲುವೆ ತೋಡಿ, ಎಳೆ ಬೇರೆ ದಿಕ್ಕಿಗೆ ಓಡುವ ಮರದ ಚೂರುಗಳನ್ನು ಅಂಟಿಸಿದರೆ ಬಾಯಿಗೆ ಬಿಗಿ ಬರುತ್ತದೆ. ನಮ್ಮ ಗೋಣಿಚೀಲದ ಬಾಯಿ ಮಡಚಿ ಹೊಲಿಯುತ್ತೇವಲ್ಲ, ಹಾಗೆ. ಅಂದರೆ ಸಿಂಗಾರವೂ ಹೌದು, ಕೆಲಸವೂ ಹೌದು.

ವೀಣೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಂಜಾವೂರು ವೀಣೆಯ ಕೊಡದ ಮೇಲಿನ ಹಲಗೆಯಲ್ಲಿ ಎರಡು ಕಡೆ ಸಣ್ಣ ಸಣ್ಣ ತೂತುಗಳ ಗುಂಪು, ಅದರ ಸುತ್ತ ಬಿಳಿಯ ಬಳೆ ಕೂರಿಸಿರುತ್ತಾರೆ. ಯೂರೋಪಿನಲ್ಲೂ ಹಿಂದೆ ಗಿಟಾರಿನ ಬಾಯಿ ಹೀಗೆ ತೆರೆದಿರಲಿಲ್ಲ. ಮರವನ್ನೋ ಚರ್ಮದ ಹಾಳೆಯನ್ನೋ ಹೂವಿನ ಹಾಗೆ ಕತ್ತರಿಸಿ ಅದನ್ನು ತೂತಿಗೆ ಜಾಲರಿಯಾಗಿ ಕೂರಿಸುತ್ತಿದ್ದರು. ಬಾಯಿ ತೆರೆದುಕೊಂಡ ಮೇಲೆ ಸಿಂಗಾರ ಸುತ್ತಿನ ಬಳೆಗೆ ಸರಿದುಕೊಂಡಿತು. ಇವತ್ತಿನ ಕ್ಲಾಸಿಕಲ್ ಗಿಟಾರಿಗೆ ರೂಪ ಕೊಟ್ಟವರು ಸ್ಪೇನಿನ ಅಲ್ಮೇರಿಯಾದ ಅಂತೋನಿಯೋ ದೆ ತೊರ್ರೆಸ್ (1817–1892). ಅವರು ಬಡಗಿ ಕೆಲಸ ಕಲಿತು ಬಂದವರೇ. ಅವರ ಬಗ್ಗೆ ಪುಸ್ತಕ ಬರೆದ ಹೊಸೆ ರೊಮಾನಿಲ್ಲೋಸ್ ಕೂಡ ದೊಡ್ಡ ಗಿಟಾರು ಕೆಲಸಗಾರರು, 2022ರಲ್ಲಿ ತೀರಿಕೊಂಡರು. ಅವರು ತಮ್ಮ ಬಳೆಗೆ ಕೊರ್ದೋಬಾದ ಹಳೇ ಮಸೀದಿಯ ಕಮಾನುಗಳ ಸಾಲನ್ನೇ ಚಿತ್ರವಾಗಿ ಇಟ್ಟುಕೊಂಡರು. ಸಹಿ ನೋಡುವುದಕ್ಕೆ ಮುಂಚೆ ಬಳೆ ನೋಡಿಯೇ ಇದು ಯಾರ ಕೈ ಅಂತ ತಿಳಿದವರು ಹೇಳಿಬಿಡುತ್ತಾರೆ.

ಫ್ಲಮೆಂಕೋ ಗಿಟಾರು ಸ್ವಲ್ಪ ಬೇರೆ. ಅದಕ್ಕೆ ಹಿಂದೆಲ್ಲ ಸೈಪ್ರೆಸ್ ಮರದ ಹಳದಿ ಮೈ, ಹಗುರ. ನುಡಿಸುವಾಗ ಉಗುರಿನಿಂದ ಮುಖದ ಹಲಗೆಗೆ ತಾಳ ಬಡಿಯುತ್ತಾರೆ. ಅಲ್ಲಿ ಗೀರು ಬೀಳದ ಹಾಗೆ ಬಳೆಯ ಪಕ್ಕದಲ್ಲೇ ತೆಳು ಹಾಳೆಯೊಂದನ್ನು ಅಂಟಿಸಿರುತ್ತಾರೆ. ಅದಕ್ಕೆ ಮಾಡುವ ಬಳೆ ಸಾಮಾನ್ಯವಾಗಿ ಸರಳ.

ನಾನು ಈ ಕೆಲಸಕ್ಕೆ ಬಂದದ್ದು ಮೈಸೂರಿನ ದಾರಿಯಿಂದ. ನಮ್ಮದು ತೋಟದ ಮನೆ. ಅಪ್ಪನಿಗೆ ನಾನು ಆಸಾರಿ ಕೆಲಸ ಕಲಿಯುವುದು ಇಷ್ಟವಿರಲಿಲ್ಲ. 1994ರಲ್ಲಿ ನೆಂಟರ ಜೊತೆ ಮೈಸೂರಿಗೆ ಹೋಗಿ, ಬೀಟೆ ಮರದಲ್ಲಿ ಇನ್‌ಲೇ ಮಾಡುವ ಒಂದು ಕಾರ್ಖಾನೆಗೆ ಸೇರಿದೆ. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆನೇ ಹೊರತು ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ಅಕ್ಷರ ಕೂಡಿಸಿ ಓದಲು ಕಲಿತದ್ದು ಅಲ್ಲಿ, ಕೆಲಸ ಮುಗಿದ ಮೇಲೆ ಸಿನಿಮಾ ಪೋಸ್ಟರು ನೋಡಿಕೊಂಡು. ಕಾರ್ಖಾನೆಯಲ್ಲಿ ದಂತದ ಕೆಲಸ ಆಗಲೇ ನಿಂತುಹೋಗಿತ್ತು. ಆನೆ ದಂತದ ವ್ಯಾಪಾರಕ್ಕೆ 1986ರಲ್ಲೇ ಕಾನೂನು ತಡೆ ಹಾಕಿತ್ತು. ಅರಮನೆಯ ಬಾಗಿಲುಗಳಲ್ಲಿ ದಂತ ಕೂರಿಸಿದ ಕೆಲಸ ನೋಡಿದ್ದ ಹಿರಿಯರು ಬಿಳಿ ಪ್ಲಾಸ್ಟಿಕ್ ಕತ್ತರಿಸುವಾಗ ಮಾತೇ ಆಡುತ್ತಿರಲಿಲ್ಲ.

ಇನ್‌ಲೇ ಕೆಲಸ ಅಂದರೆ ಚಿತ್ರ ಬರೆದು, ಎಳೆಯಂಥ ಗರಗಸದಿಂದ ಬೇರೆ ಬೇರೆ ಮರದ ಚೂರು ಕತ್ತರಿಸಿ, ಬೀಟೆ ಹಲಗೆಯಲ್ಲಿ ಅಷ್ಟೇ ಆಳದ ಗುಳಿ ತೋಡಿ ಕೂರಿಸುವುದು. ಆನೆಗೆ ಒಂದು ಮರ, ಆಕಾಶಕ್ಕೆ ಒಂದು ಮರ. ಕಣ್ಣಿಗೆ ಕಂಡದ್ದನ್ನು ಕೈ ಹಿಂಬಾಲಿಸುತ್ತದೆ. ಗಿಟಾರಿನ ಬಳೆ ಹಾಗಲ್ಲ. ಅಲ್ಲಿ ಮೊದಲು ಎಣಿಸಬೇಕು, ಕೈ ಆಮೇಲೆ.

ಹೇಗೆ ಅಂತ ಹೇಳುತ್ತೇನೆ. ಗಣಿತದ ಮೇಷ್ಟ್ರುಗಳು ಗ್ರಾಫ್ ಹಾಳೆ ತೆಗೆದುಕೊಳ್ಳಬಹುದು. ಹದಿನೈದು ಮನೆ ಅಗಲ, ಹದಿನೈದು ಮನೆ ಎತ್ತರದ ಒಂದು ಚೌಕ ಹಾಕಿ. ಒಟ್ಟು 225 ಮನೆ. ಒಂದೊಂದು ಮನೆಗೂ ಒಂದೊಂದು ಬಣ್ಣ ತುಂಬಿ ಚಿತ್ರ ಮಾಡಿ. ಈಗ ಆ ಒಂದು ಮನೆ ಅಂದರೆ 0.6 ಮಿಲಿಮೀಟರ್ ಮರ ಅಂತ ಇಟ್ಟುಕೊಳ್ಳಿ. ಇಡೀ ಚಿತ್ರ 9 ಮಿಲಿಮೀಟರ್ ಚೌಕ, ಕಿರುಬೆರಳ ಉಗುರಿನಷ್ಟು. ಅಷ್ಟು ಸಣ್ಣ ಚೂರುಗಳನ್ನು ಒಂದೊಂದಾಗಿ ಯಾರೂ ಅಂಟಿಸುವುದಿಲ್ಲ. ಅಂಟಿಸಿದರೆ ಒಂದು ಬಳೆಗೆ ವರ್ಷ ಬೇಕು.

ಅದಕ್ಕೊಂದು ಉಪಾಯ ಉಂಟು. ಚಿತ್ರದ ಮೊದಲನೇ ಕಂಬಸಾಲನ್ನು ನೋಡಿ, ಮೇಲಿನಿಂದ ಕೆಳಗೆ ಯಾವ ಯಾವ ಬಣ್ಣ ಬರುತ್ತದೋ ಆ ಕ್ರಮದಲ್ಲಿ ಹದಿನೈದು ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸುವುದು. ಒಣಗಿದ ಮೇಲೆ ಅದನ್ನು ನಿಲ್ಲಿಸಿ ಸೀಳಿದರೆ ಗೆರೆಗೆರೆಯ ಪಟ್ಟಿಗಳು ಬರುತ್ತವೆ, ಪ್ರತಿ ಪಟ್ಟಿಯೂ 0.6 ಮಿಲಿಮೀಟರ್ ದಪ್ಪ. ಎರಡನೇ ಸಾಲಿಗೂ ಹೀಗೇ, ಮೂರನೆಯದಕ್ಕೂ ಹೀಗೇ. ಕೊನೆಗೆ ಹದಿನೈದು ಪಟ್ಟಿಗಳನ್ನು ಕ್ರಮ ತಪ್ಪದೆ ಪಕ್ಕಪಕ್ಕ ಇಟ್ಟು ಅಂಟಿಸಿದರೆ ಪೆನ್ಸಿಲಿನ ಹಾಗೆ ಒಂದು ಕಡ್ಡಿ ಆಗುತ್ತದೆ. ಅದರ ಉದ್ದಕ್ಕೂ ಒಳಗೆ ಒಂದೇ ಚಿತ್ರ. ಕಡ್ಡಿಯನ್ನು ಬೆಂಡೆಕಾಯಿ ಹೆಚ್ಚುವ ಹಾಗೆ ಅಡ್ಡಕ್ಕೆ ಎರಡು ಮಿಲಿಮೀಟರ್ ದಪ್ಪಕ್ಕೆ ಕತ್ತರಿಸಿದರೆ ಬಿಲ್ಲೆಗಳು. ಬೆಂಡೆಕಾಯಿಯ ಎಲ್ಲ ಬಿಲ್ಲೆಯಲ್ಲೂ ಅದೇ ನಕ್ಷತ್ರ ಇರುವ ಹಾಗೆ ಈ ಬಿಲ್ಲೆಗಳಲ್ಲೂ ಅದೇ ಚಿತ್ರ. ಗೇಣಿಗಿಂತ ಚಿಕ್ಕ ಕಡ್ಡಿಯಲ್ಲಿ ನಲವತ್ತಕ್ಕಿಂತ ಹೆಚ್ಚು ಬಿಲ್ಲೆ ಸಿಗುತ್ತವೆ. ಅವನ್ನು ಕಾಲುವೆಯಲ್ಲಿ ಸಾಲಾಗಿ ಕೂರಿಸಿ, ಮೇಲೆ ಉಳಿದದ್ದನ್ನು ಹಲಗೆಗೆ ಸಮ ಕೆರೆದರೆ ಬಳೆ ಆಯಿತು.

ಹೇಳುವಷ್ಟು ಸುಲಭವಲ್ಲ. ಒಂದು ಹಾಳೆ 0.6ರ ಬದಲು 0.65 ಆದರೆ ಹದಿನೈದಕ್ಕೆ ಮುಕ್ಕಾಲು ಮಿಲಿಮೀಟರ್ ಹೆಚ್ಚಾಯಿತು. ಸಾಲಿಗೆ ಸಾಲು ಕೂಡುವುದಿಲ್ಲ, ಚಿತ್ರ ಸೊಟ್ಟಗಾಗುತ್ತದೆ. ನಮ್ಮ ಕಣಿವೆಯ ಆಡಿ ಗಾಳಿ ಇನ್ನೊಂದು ಶತ್ರು. ಬೆಟ್ಟದ ಸಂದಿಯಿಂದ ನುಗ್ಗುವ ಗಾಳಿಗೆ ಮರದ ಹಾಳೆ ಮಧ್ಯಾಹ್ನದೊಳಗೆ ಹಪ್ಪಳದ ಹಾಗೆ ಮುದುರುತ್ತದೆ. ಆ ತಿಂಗಳಲ್ಲಿ ಅಂಟಿಸುವ ಕೆಲಸವನ್ನು ಬೆಳಗಿನ ಜಾವವೇ ಬಾಗಿಲು ಹಾಕಿಕೊಂಡು ಮುಗಿಸುತ್ತೇನೆ. ಅಂಟು ಬಿಸಿ ಮಾಡಿ ಹಚ್ಚುವ ಸರೇಸು, ಇಲ್ಲಿನ ಆಸಾರಿಗಳು ವಜ್ಜಿರಂ ಅನ್ನುತ್ತಾರಲ್ಲ, ಅದೇ.

ಇನ್ನು ಸಂದಿನ ವಿಷಯ. ದುಂಡಗಿನ ಯಾವ ಸಾಲಿಗೂ ಶುರು ಮಾಡಿದ ಜಾಗ, ಮುಗಿಸಿದ ಜಾಗ ಅಂತ ಒಂದು ಇರುತ್ತದೆ. ಬಿಲ್ಲೆಗಳ ನಡುಗೆರೆ ತೂತಿನ ಮಧ್ಯದಿಂದ 54 ಮಿಲಿಮೀಟರ್ ದೂರದಲ್ಲಿದ್ದರೆ ಸುತ್ತಳತೆ ಸುಮಾರು 339. ಒಂಬತ್ತರಿಂದ ಭಾಗಿಸಿ ನೋಡಿ, ಮೂವತ್ತೇಳು ಬಿಲ್ಲೆ ಆಗಿ ಆರು ಮಿಲಿಮೀಟರ್ ಉಳಿಯುತ್ತದೆ. ಆ ಉಳಿಕೆಯನ್ನು ಏನು ಮಾಡುವುದು? ಗಿಟಾರಿನಲ್ಲಿ ಅದಕ್ಕೊಂದು ಜಾಗ ಇದೆ. ಬೆರಳು ಓಡಾಡುವ ಕರಿಮರದ ಪಟ್ಟಿ ಕತ್ತಿನಿಂದ ಇಳಿದು ತೂತಿನ ಅಂಚಿನವರೆಗೂ ಬರುತ್ತದೆ. ಬಳೆಯ ಸುಮಾರು ಐದರಲ್ಲಿ ಒಂದು ಪಾಲು ಅದರ ಕೆಳಗೆ ಮುಚ್ಚಿಹೋಗುತ್ತದೆ. ಸಂದು ಅಲ್ಲಿಗೆ ಬರಬೇಕು. ಕಾಣುವುದು ಮೂವತ್ತೇ ಬಿಲ್ಲೆ, ಅವು ಎಡಕ್ಕೂ ಬಲಕ್ಕೂ ಸಮ ಇದ್ದರೆ ಸಾಕು. ಎಷ್ಟೋ ಜನ ಆ ಭಾಗಕ್ಕೆ ಬಿಲ್ಲೆಯನ್ನೇ ಹಾಕುವುದಿಲ್ಲ.

ಇದನ್ನು ಮೊದಲು ಕಲಿತಾಗ ನನಗೆ ಬಹಳ ಖುಷಿಯಾಯಿತು. ತಪ್ಪು ಮುಚ್ಚುವುದಕ್ಕೆ ಕಸುಬೇ ಒಂದು ಜಾಗ ಬಿಟ್ಟಿದೆ ಅಂದುಕೊಂಡೆ. ಹಾಗೆ ಅಂದುಕೊಂಡದ್ದೇ ಮುಂದೆ ಕೆಡಿಸಿತು.

ಮೈಸೂರು ಬಿಟ್ಟು ಊರಿಗೆ ಬಂದು ಮನೆಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡಿದ್ದೆ. ಬೆಂಗಳೂರಿನಲ್ಲಿ ಕೈಯಲ್ಲೇ ಗಿಟಾರು ಮಾಡುವ ಒಬ್ಬರು ಆರು ಬಳೆಗೆ ಹೇಳಿದರು. ನನಗದು ದೊಡ್ಡ ಕೆಲಸ. ಸ್ಪೇನಿನ ಹಳೇ ಮಾದರಿ ಒಂದನ್ನು ನೋಡಿ ಗೆರೆ ತಪ್ಪದೆ ನಕಲು ಮಾಡಿದೆ. ಅದರಲ್ಲಿ ಕೆಂಪು ಬೇಕಿತ್ತು. ಬಿಳಿ ಮರದ ಹಾಳೆಗಳನ್ನು ಬಟ್ಟೆಗೆ ಹಾಕುವ ಕೆಂಪು ಬಣ್ಣದಲ್ಲಿ ನಾನೇ ಕುದಿಸಿದೆ. ಒಣಗಿದ ಮೇಲೆ ದಾಸವಾಳದ ಹಾಗೆ ಬಂತು.

ಕೈಯಲ್ಲಿ ಮಾಡುವ ಗಿಟಾರಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಉಜ್ಜಿ ಉಜ್ಜಿ ಪಾಲಿಶ್ ಕೊಡುತ್ತಾರೆ. ಆದ್ದರಿಂದ ಬಣ್ಣದ ಮರಕ್ಕೆ ಒಂದು ಪರೀಕ್ಷೆ ಇದೆ. ಹತ್ತಿಗೆ ಸ್ಪಿರಿಟ್ ಅದ್ದಿ ಬಿಲ್ಲೆಯ ಮೇಲೆ ಉಜ್ಜಬೇಕು, ಹತ್ತಿ ಬಿಳಿಯಾಗೇ ಇರಬೇಕು. ನಾನು ಉಜ್ಜಿದೆ. ಹತ್ತಿ ತಿಳಿ ಗುಲಾಬಿಯಾಯಿತು. ಇನ್ನೊಂದು ಸಲ ಉಜ್ಜಿದೆ, ಸ್ವಲ್ಪ ಕಮ್ಮಿ. ಮೂರನೇ ಸಲ ಉಜ್ಜಲಿಲ್ಲ. ಹತ್ತಿಯನ್ನು ಒಲೆಗೆ ಹಾಕಿ ಬಳೆಗಳನ್ನು ಕಟ್ಟಿ ಕಳಿಸಿಬಿಟ್ಟೆ. ಆ ತಿಂಗಳು ಮಗಳ ಶಾಲೆಗೆ ಫೀಜು ಕಟ್ಟಬೇಕಿತ್ತು ಅಂತ ಆಗ ನನಗೆ ನಾನೇ ಹೇಳಿಕೊಂಡೆ.

ನಾಲ್ಕು ತಿಂಗಳಿಗೆ ಫೋನು ಬಂತು. ಪಾಲಿಶ್ ಹಾಕುವಾಗ ಒಂದು ಗಿಟಾರಿನ ಮುಖದ ಮೇಲೆ, ಬಳೆಯ ಸುತ್ತ, ಕೆಂಪು ಹರಡಿದೆ. ಎಲೆ ಅಡಿಕೆ ಜಗಿದ ಬಾಯಿಯ ಹಾಗೆ ಅಂತ ಅವರು ಹೇಳಲಿಲ್ಲ, ನನಗೆ ಹಾಗೆ ಕಂಡಿತು. ಅವರು ಕೇಳಿದ್ದು ಒಂದೇ ಮಾತು: "ಸ್ಪಿರಿಟ್ ಹಾಕಿ ನೋಡಿದ್ರಾ?"

"ನೋಡಿದ್ದೆ ಸಾರ್, ಏನೂ ಬಿಡಲಿಲ್ಲ" ಅಂದೆ.

ಒಳ್ಳೆಯವರು, ನಂಬಿದರು. ತಪ್ಪು ತಮ್ಮ ಸ್ಪಿರಿಟ್ಟಿನಲ್ಲೇ ಇರಬೇಕು ಅಂತ ಇದ್ದ ಸ್ಪಿರಿಟ್ಟು, ಅರಗು ಎಲ್ಲ ಚೆಲ್ಲಿ ಹೊಸದು ತರಿಸಿ ಎರಡನೇ ಗಿಟಾರಿಗೆ ಕೈ ಹಾಕಿದರು. ಅದೂ ಕೆಂಪಾಯಿತು. ಮೊದಲನೆಯದು ನನ್ನ ಅಸಡ್ಡೆಯಿಂದ ಹಾಳಾಯಿತು ಅನ್ನಬಹುದು. ಎರಡನೆಯದು ನನ್ನ ಸುಳ್ಳಿನಿಂದ.

ಎರಡನೇ ಫೋನು ಬಂದ ರಾತ್ರಿ ನಿದ್ದೆ ಬರಲಿಲ್ಲ. ಅವ್ವನಿಗೆ ಹೇಳಿದೆ. ಅವ್ವ ಬೈಯಲಿಲ್ಲ. "ಫೋನಲ್ಲಿ ಹೇಳಬ್ಯಾಡ, ಹೋಗಿ ಹೇಳು" ಅಂದಳು. ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ. ಅವರ ಮೇಜಿನ ಮುಂದೆ ನಿಂತು, ಹತ್ತಿ ಗುಲಾಬಿಯಾದದ್ದು, ಅದನ್ನು ಒಲೆಗೆ ಹಾಕಿದ್ದು ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ, ಆ ಕೆಟ್ಟ ಹಲಗೆಯಿಂದ ಬಳೆಯ ಭಾಗವನ್ನು ಗರಗಸದಲ್ಲಿ ಕುಯ್ದು ತಂದು ನನ್ನ ಕೈಗೆ ಕೊಟ್ಟರು. "ಇದು ನಿಮ್ಮ ಹತ್ರ ಇರಲಿ" ಅಂದರು. ಉಳಿದ ನಾಲ್ಕು ಬಳೆಗಳನ್ನೂ ವಾಪಸು ಕೊಟ್ಟರು. ನಾನು ತೆಗೆದುಕೊಂಡಿದ್ದ ಹಣ ಮೂರು ಕಂತಿನಲ್ಲಿ ಹಿಂತಿರುಗಿಸಿದೆ. ಅವರ ಎರಡು ಮುಖದ ಹಲಗೆ, ಅಷ್ಟು ದಿನದ ಕೆಲಸ, ಅದನ್ನು ತುಂಬಿಕೊಡುವ ಶಕ್ತಿ ನನಗಿರಲಿಲ್ಲ. ಎರಡು ವರ್ಷ ಅವರಿಂದ ಒಂದು ಮಾತೂ ಬರಲಿಲ್ಲ.

ಆ ಎರಡು ವರ್ಷ ನಾನು ಬಾಗಿಲು ಕಿಟಕಿ ಮಾಡಿಕೊಂಡಿದ್ದೆ. ರಾತ್ರಿ ಹೊತ್ತು ಮಾತ್ರ ಬಳೆಯ ಯೋಚನೆ. ಪಟ್ಟಿಯ ಕೆಳಗೆ ಸಂದು ಮುಚ್ಚುವುದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ ಅಂತ ಆಗ ಹೊಳೆಯಿತು. ಸಂದು ಅಲ್ಲಿದೆ ಅಂತ ಮಾಡುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ನುಡಿಸುವವನು ಕೇಳಿದರೆ ಅವನಿಗೂ ಹೇಳುತ್ತೇವೆ. ಮುಚ್ಚಿದ್ದರೂ ಅದು ಗುಟ್ಟಲ್ಲ. ಹತ್ತಿಯ ವಿಷಯ ನನಗೊಬ್ಬನಿಗೇ ಗೊತ್ತಿತ್ತು.

ಮತ್ತೆ ಬಳೆಗೆ ಕೈ ಹಾಕಿದಾಗ ಬಣ್ಣ ಕುದಿಸುವುದನ್ನು ಬಿಟ್ಟೆ. ಮರಕ್ಕೆ ಹುಟ್ಟಿನಿಂದ ಬಂದ ಬಣ್ಣವೇ ಸಾಕು ಅಂತ. ಬಿಳಿಗೆ ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರ. ಹಳದಿಗೆ ಹಲಸು. ಕಂದು ನೇರಳೆಗೆ ಬೀಟೆ. ಕಪ್ಪಿಗೆ ಕರಿಮರ. ಕೆಂಪು ಬಿಟ್ಟೇಬಿಟ್ಟೆ. ರಕ್ತಚಂದನ ಹಾಕಿ ಅಂತ ಹೇಳಿದವರಿದ್ದರು, ಆದರೆ ಅದರ ಬಣ್ಣವೂ ಸ್ಪಿರಿಟ್ಟಿಗೆ ಬಿಡುತ್ತದೆ, ಅದನ್ನು ಇಟ್ಟುಕೊಳ್ಳುವುದಕ್ಕೂ ಸರಕಾರದ ಕಟ್ಟುಪಾಡು ಇದೆ. ಬೀಟೆಯೂ ಪೂರ್ತಿ ಸಾಧು ಅಲ್ಲ, ಸ್ಪಿರಿಟ್ ತಗುಲಿದರೆ ನೇರಳೆ ಬಿಡುತ್ತದೆ. ಅದಕ್ಕೆ ಬಳೆ ಕೂರಿಸಿದ ಕೂಡಲೇ ಸಣ್ಣ ಕುಂಚದಲ್ಲಿ ತೆಳು ಅರಗು ಬಳಿದು ಬಾಯಿ ಕಟ್ಟಬೇಕು, ಆಮೇಲೆ ಪಾಲಿಶ್. ಈ ಮಾತನ್ನು ಈಗ ಒಂದು ಚೀಟಿಯಲ್ಲಿ ಬರೆದು ಪ್ರತಿ ಬಳೆಯ ಜೊತೆ ಇಡುತ್ತೇನೆ. ಉಜ್ಜಿದ ಹತ್ತಿಯನ್ನೂ ಅದೇ ಪೊಟ್ಟಣದಲ್ಲಿ ಇಡುತ್ತೇನೆ, ಯಾವ ಬಣ್ಣವಾಗಿದ್ದರೂ.

ಬೀಟೆಗೆ ಕಾಗದ ಪತ್ರವೂ ಬೇಕು. 2017ರಲ್ಲಿ ಬೀಟೆಯ ಜಾತಿಯ ಮರಗಳನ್ನೆಲ್ಲ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಿದಾಗ ಗಿಟಾರು ಮಾಡುವವರೆಲ್ಲ ಗಾಬರಿಯಾದರು. 2019ರಲ್ಲಿ ಮಾಡಿ ಮುಗಿಸಿದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನನಗೆ ಬೇಕಾದದ್ದು ಚೂರು. ಮೈಸೂರಿನ ಹಳೇ ಸ್ನೇಹಿತರು ಕೆಲಸದಲ್ಲಿ ಉಳಿದ ತುಂಡುಗಳನ್ನು ರಸೀದಿ ಸಮೇತ ಕೊಡುತ್ತಾರೆ. ಒಂದು ಕುರ್ಚಿ ಕಾಲಿನಷ್ಟು ಮರ ಇದ್ದರೆ ನನಗೆ ವರ್ಷಗಟ್ಟಲೆ ಆಗುತ್ತದೆ.

ಚಿತ್ರದ ನಕಲನ್ನೂ ಬಿಡಬೇಕು ಅನ್ನಿಸಿತು. ಕೊರ್ದೋಬಾದ ಕಮಾನು ರೊಮಾನಿಲ್ಲೋಸ್ ಅವರದು, ನನ್ನದು ಯಾವುದು? ಅವ್ವ ಮಾರ್ಗಳಿ ತಿಂಗಳಲ್ಲಿ ಬಾಗಿಲ ಮುಂದೆ ಹಾಕುವ ಕೋಲ ನೋಡುತ್ತಾ ಕೂತಿದ್ದೆ. ಚುಕ್ಕಿ ಸುತ್ತಿ ಸುತ್ತಿ ಹೋಗುವ ಸಿಕ್ಕು ಕೋಲವನ್ನು ಗ್ರಾಫ್ ಹಾಳೆಗೆ ಇಳಿಸಲು ಹೋದೆ. ಬಾಗಿದ ಗೆರೆ ಚೌಕದ ಮನೆಗಳಲ್ಲಿ ಮುರಿದು ಮೆಟ್ಟಿಲಾಗುತ್ತಿತ್ತು. ವಾರ ಒದ್ದಾಡಿದೆ. ಅವ್ವ ಬಂದು ಹಾಳೆ ನೋಡಿ, "ಗೆರೆ ಯಾಕೆ ಹಿಡೀತೀಯ, ಚುಕ್ಕಿ ಹಿಡಿ. ಹದಿನೈದು ಚುಕ್ಕಿ ಇಟ್ಟು, ಎರಡೆರಡು ಬಿಟ್ಕೊಂಡು ಒಂದರ ತನಕ ಹೋಗು" ಅಂದಳು.

ನಡುವೆ ಹದಿನೈದು. ಅದರ ಮೇಲೆ ಹದಿಮೂರು, ಹನ್ನೊಂದು, ಒಂಬತ್ತು, ಏಳು, ಐದು, ಮೂರು, ಒಂದು. ಕೆಳಗೂ ಹಾಗೇ. ಎಣಿಸಿದರೆ ಸರಿಯಾಗಿ ಹದಿನೈದು ಸಾಲು! ನನ್ನ ಚೌಕಕ್ಕೆ ಹೇಳಿ ಮಾಡಿಸಿದ ಹಾಗೆ. ಚುಕ್ಕಿ ಒಟ್ಟು 113, ನಾಲ್ಕು ಮೂಲೆಗಳಲ್ಲಿ ಉಳಿದ ಖಾಲಿ ಮನೆ 112. ಹೆಚ್ಚುಕಮ್ಮಿ ಅರ್ಧಕ್ಕರ್ಧ. ಆದ್ದರಿಂದ ಬಿಲ್ಲೆಗಳನ್ನು ಪಕ್ಕಪಕ್ಕ ಇಟ್ಟಾಗ ಮೂಲೆಯ ಬೀಟೆ ಕೂಡಿಕೊಂಡು ಇನ್ನೊಂದು ವಜ್ರದಾಕಾರ ಹುಟ್ಟುತ್ತದೆ. ಒಮ್ಮೆ ಹಳದಿ ಮುಂದೆ ಬಂದ ಹಾಗೆ, ಒಮ್ಮೆ ಕಂದು ಮುಂದೆ ಬಂದ ಹಾಗೆ. ಎಡಕ್ಕೂ ಬಲಕ್ಕೂ ಒಂದೇ ಆದ್ದರಿಂದ ಹದಿನೈದು ಥರದ ಪಟ್ಟಿ ಬೇಕಿಲ್ಲ, ಎಂಟು ಥರ ಸಾಕು. ಒಳಗಿನ ಸುತ್ತುಗಳಿಗೆ ಹಲಸು, ಆಲೆ, ಕರಿಮರ ಒಂದೊಂದು ಸುತ್ತಿಗೆ ಒಂದೊಂದು.

ಇನ್ನೊಂದು ತೊಡಕು ಉಳಿದಿತ್ತು. ಚೌಕದ ಬಿಲ್ಲೆಯನ್ನು ದುಂಡಗೆ ಇಟ್ಟರೆ ಹೊರ ಅಂಚಿನಲ್ಲಿ ಬಿರುಕು ಬಿಡುತ್ತದೆ. ನನ್ನ ಅಳತೆಯಲ್ಲಿ ಹೊರಗೆ 9.75 ಬೇಕು, ಒಳಗೆ 8.25 ಸಾಕು. ಅವ್ವನನ್ನೇ ಕೇಳಿದೆ. ಮದುವೆ ಚಪ್ಪರದ ಕಂಬದ ಸುತ್ತ ಕೋಲ ಹಾಕುವಾಗ ಏನು ಮಾಡ್ತೀರಿ ಅಂತ. "ಹೊರಗಿನ ಚುಕ್ಕಿ ಒಸಿ ಅಗಲಕ್ಕೆ ಇಡ್ತೀವಿ, ಇನ್ನೇನು?" ಅಂದಳು. ಕಡ್ಡಿಯ ಎರಡು ಬದಿಯ ಸಾಲುಗಳನ್ನು ಸ್ವಲ್ಪ ದಪ್ಪ ಇಟ್ಟು, ಒಳಕ್ಕೆ ಹೋಗುತ್ತಾ ಕಿರಿದಾಗುವ ಹಾಗೆ ಕೀಸಿದೆ. ಬಿಲ್ಲೆಗಳು ಕೈ ಕೈ ಹಿಡಿದುಕೊಂಡು ಕೂತವು.

ಅಂಥದೊಂದು ಬಳೆ ಮಾಡಿ, ಉಜ್ಜಿದ ಹತ್ತಿಯ ಜೊತೆ ಬೆಂಗಳೂರಿಗೆ ಕಳಿಸಿದೆ. ಹಣ ಬೇಡ ಅಂತ ಬರೆದಿದ್ದೆ. ತಿಂಗಳು ಕಳೆದು ಮನಿಯಾರ್ಡರು ಬಂತು, ಜೊತೆಗೆ "ಇನ್ನೂ ಎರಡು ಬೇಕು. ಹತ್ತಿ ಸಮೇತ" ಅಂತ ಎರಡೇ ಸಾಲು.

ಅವ್ವನಿಗೆ ಈಗ ಬಗ್ಗಿ ಕೋಲ ಹಾಕಲು ಆಗುವುದಿಲ್ಲ. ಕಣ್ಣೂ ಮಂದ. ಬಿಲ್ಲೆಯನ್ನು ಅಂಗೈ ಮೇಲೆ ಇಟ್ಟರೆ ಬೆರಳಿನಲ್ಲಿ ಸವರಿ, ಎಷ್ಟು ಚುಕ್ಕಿ ಅಂತ ಕೇಳುತ್ತಾಳೆ. ಹದಿನೈದು ಅಂದರೆ ತಲೆ ಆಡಿಸುತ್ತಾಳೆ. ಕೆಂಪು ಹರಡಿದ ಆ ಹಲಗೆಯ ಚೂರು ನನ್ನ ಮೇಜಿನ ಮೇಲಿನ ಮೊಳೆಯಲ್ಲಿ ನೇತಾಡುತ್ತಿದೆ. ನೋಡಲು ಬಂದವರು ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಅನ್ನುತ್ತಾರೆ. ಈಗ ಓದಿದವರಿಗೆ ಅದು ಏನು ಅಂತ ಗೊತ್ತಾಯಿತು.

ಮಕ್ಕಳನ್ನು ಕರೆದುಕೊಂಡು ಬರುವ ಮೇಷ್ಟ್ರುಗಳಿಗೆ ಒಂದು ಮಾತು: ಭಾನುವಾರ ಬೆಳಿಗ್ಗೆ ಬನ್ನಿ, ಗಾಳಿ ಏಳುವುದಕ್ಕೆ ಮುಂಚೆ. ಗ್ರಾಫ್ ಹಾಳೆ, ಬಣ್ಣದ ಪೆನ್ಸಿಲು ತನ್ನಿ. ಹದಿನೈದು ಮನೆಗೆ ಮೀರದ ಚಿತ್ರ ಯಾವ ಮಗು ಬರೆದರೂ ಅದರ ಒಂದು ಬಿಲ್ಲೆ ಮಾಡಿ ವಾಚನಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇನೆ. ಕೆಂಪು ಮಾತ್ರ ಕೇಳಬೇಡಿ.